ವಯಸ್ಕಬೋಧನೆಯಲ್ಲಿ ಹಾಸ್ಯದ ಆಲಂಬನ

೧

ಮಕ್ಕಳಿಗೆ ವಿದ್ಯೆ ಕಲಿಸುವ ಕ್ರಮವನ್ನು ಕುರಿತು ನಮ್ಮ ವಿದ್ವಾಂಸರು ಬಹಳವಾಗಿ ಚರ್ಚಿಸಿದ್ದಾರೆ. ವಯಸ್ಸು ಬಂದ ಮೇಲೆ ಕಲಿಯಲು ಹೊರಟವರಿಗೆ ಪಾಠ ಹೇಳುವ ಕ್ರಮವನ್ನು ಕುರಿತು ನಡೆದಿರುವ ವಿಚಾರವು ಅದರ ಮುಂದೆ ಸ್ವಲ್ಪವೇ ಸರಿ. ಈ ಸ್ವಲ್ಪದಲ್ಲಿಯೂ ಒಂದು ಮಾತು ಸಿದ್ಧಾಂತವೆಂಬಂತೆ ಬಾಯಿಂದ ಬಾಯಿಗೆ ಸಾಗಿಬಂದಿದೆ. ದೊಡ್ಡವರಿಗೆ ಕಲಿಸುವವನು ನಗಿಸುತ್ತ ಕಲಿಸಬೇಕು, ನಕ್ಕವನು ಬೇಗ ಕಲಿಯುತ್ತಾನೆ, ಎಂಬುದೇ ಆ ಮಾತು. ಅಕ್ಷರಪ್ರಚಾರದ ಕೇಂದ್ರಗಳಲ್ಲಿಯೂ ಕಚೇರಿಗಳ ತರಬೇತಿಗಳಲ್ಲಿಯೂ ಸಂಜೆಯ ಕಾವ್ಯವರ್ಗಗಳಲ್ಲಿಯೂ ಇದನ್ನು ನಾನು ಅನೇಕ ಸಲ ಕೇಳಿದ್ದೇನೆ. ಬಹುಕಾಲ ಹಾಗೆಯೇ ನಂಬಿ ನಡೆದಿದ್ದೇನೆ.

ಈ ಮಾತನ್ನು ಸುಳ್ಳೆಂದು ಸಾಧಿಸುವುದು ಪ್ರಕೃತ ಲೇಖನದ ಉದ್ದೇಶವಲ್ಲ. ಮಾತು ಅರ್ಧವಾಗಿಯೇ ನಿಂತಿದೆಯೆಂಬುದಷ್ಟೇ ನನ್ನ ಆಕ್ಷೇಪ. ಯಾರು ನಗುತ್ತಾರೆ, ಯಾರನ್ನು ಕುರಿತು ನಗುತ್ತಾರೆ, ನಗೆಯು ಅಡಗಿದ ಮೇಲೆ ಕಲಿಯುವವನ ಮನಸ್ಸಿನಲ್ಲಿ ಏನು ಉಳಿಯುತ್ತದೆ, ಎಂಬೀ ಮೂರು ಪ್ರಶ್ನೆಗಳಿಗೆ ಉತ್ತರ ಹೇಳದೆ ನಗಿಸಬೇಕೆಂದು ವಿಧಿಸುವುದು, ರೋಗವನ್ನು ವಿಚಾರಿಸದೆ ಔಷಧ ಕೊಟ್ಟಂತೆ. ಈ ಪ್ರಶ್ನೆಗಳಿಗೆ ನಮ್ಮ ಪ್ರಾಚೀನರ ಗ್ರಂಥಗಳಲ್ಲಿಯೇ ಸಾಕಷ್ಟು ಸಾಮಗ್ರಿ ಇದೆ. ಅದರಲ್ಲಿ ಮುಖ್ಯವಾದುದು ಸಾತವಾಹನರಾಜನ ಕಥೆ. ಅದನ್ನು ನಡುವಿಗಿಟ್ಟುಕೊಂಡು, ಕನ್ನಡದ ಕೆಲವು ಕೃತಿಗಳನ್ನು ಅದರ ಪಕ್ಕದಲ್ಲಿ ನಿಲ್ಲಿಸಿ ನೋಡುವುದು ಇಲ್ಲಿಯ ಪ್ರಯತ್ನ.

೨

ಮೊದಲು ಶಾಸ್ತ್ರವೇನು ಹೇಳುತ್ತದೆಂಬುದನ್ನು ನೋಡೋಣ. ಭರತನು ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ಹಾಸ್ಯರಸವನ್ನು ನಿರೂಪಿಸುತ್ತ ಅದನ್ನು ಆತ್ಮಸ್ಥ, ಪರಸ್ಥ ಎಂದು ಎರಡಾಗಿ ವಿಂಗಡಿಸುತ್ತಾನೆ. ತಾನೇ ನಗುವುದು ಆತ್ಮಸ್ಥ. ಇತರರನ್ನು ನಗಿಸುವುದು ಪರಸ್ಥ. ಬಳಿಕ ನಗೆಯನ್ನೇ ಆರು ಬಗೆಯಾಗಿ ಎಣಿಸುತ್ತಾನೆ. ಸ್ಮಿತ, ಹಸಿತಗಳು ಉತ್ತಮಪ್ರಕೃತಿಯವರಲ್ಲಿ. ವಿಹಸಿತ, ಉಪಹಸಿತಗಳು ಮಧ್ಯಮರಲ್ಲಿ. ಅಪಹಸಿತ, ಅತಿಹಸಿತಗಳು ಅಧಮರಲ್ಲಿ. ಹಲ್ಲು ಕಾಣದ ಮುಗುಳುನಗೆಯಿಂದ ಹಿಡಿದು, ಪಕ್ಕೆಗಳನ್ನು ಹಿಡಿದುಕೊಂಡು ಕಣ್ಣೀರು ಸುರಿಸುವ ಅಟ್ಟಹಾಸದವರೆಗಿನ ಸೋಪಾನವಿದು.

ಈ ವಿಭಾಗವು ನಟನಿಗೆ ಸಾಕು, ಅಧ್ಯಾಪಕನಿಗೆ ಸಾಲದು. ನಗುವವರು ಯಾರು, ಎಷ್ಟು ನಗುತ್ತಾರೆ, ಎಂಬುದನ್ನು ಇದು ತಿಳಿಸುತ್ತದೆ. ಯಾರನ್ನು ಆಶ್ರಯಿಸಿ ನಗೆ ಹುಟ್ಟಿತೋ ಅವನ ಗತಿಯೇನು ಎಂಬುದನ್ನು ತಿಳಿಯಬೇಕಾದರೆ ಆಲಂಬನವಿಭಾವವನ್ನು ಹಿಡಿಯಬೇಕು. ರಂಗದಲ್ಲಿ ಹಾಸ್ಯದ ಆಲಂಬನವಾಗಿ ನಿಂತವನು ವೇಷಧಾರಿ. ಪ್ರಯೋಗ ಮುಗಿದ ಮೇಲೆ ಬಣ್ಣವನ್ನು ತೊಳೆದುಕೊಂಡು ಮನೆಗೆ ಹೋಗುತ್ತಾನೆ. ಪಾಠದ ಮನೆಯಲ್ಲಿ ಆಲಂಬನವಾದವನಿಗೆ ತೊಳೆದುಕೊಳ್ಳಲು ಬಣ್ಣವಿಲ್ಲ. ಅವನ ಮುಖವೇ ಅದು.

ಭರತನಿಗೆ ಈ ಅಪಾಯವು ತಿಳಿಯದೆ ಇರಲಿಲ್ಲ. ನಾಟ್ಯಶಾಸ್ತ್ರದ ಕೊನೆಯ ಭಾಗದಲ್ಲಿ ಬರುವ ಶಾಪದ ಕಥೆಯನ್ನು ಬಲ್ಲವರು ಬಲ್ಲರು. ಭರತಪುತ್ರರು ತಮ್ಮ ವಿದ್ಯೆಯ ಮದದಿಂದ ಋಷಿಗಳನ್ನು ಅಣಕಿಸಿ ಪ್ರಹಸನಗಳನ್ನು ಆಡುತ್ತಾರೆ. ಋಷಿಗಳು ಕುಪಿತರಾಗಿ ಶಪಿಸುತ್ತಾರೆ. ನಗಿಸುವ ಕಲೆಯ ಮೂಲಗ್ರಂಥವು ತನ್ನ ಅಂತ್ಯದಲ್ಲಿ, ಎದುರಿಗಿರುವವರನ್ನೇ ಆಲಂಬನ ಮಾಡಿಕೊಂಡ ನಗೆಯು ತಂದ ಅನರ್ಥವನ್ನು ಹೇಳಿರುವುದು ಗಮನಾರ್ಹ.

೩

ಇನ್ನು ಸಾತವಾಹನನ ಕಥೆ. ಕಾಶ್ಮೀರದ ಸೋಮದೇವನು ೧೧ನೆಯ ಶತಮಾನದಲ್ಲಿ ರಚಿಸಿದ ಕಥಾಸರಿತ್ಸಾಗರದ ಕಥಾಪೀಠಲಂಬಕದಲ್ಲಿ ಇದು ಬಂದಿದೆ. ರಾಜನು ವಸಂತಕಾಲದಲ್ಲಿ ರಾಣಿಯರೊಡನೆ ಕೊಳದಲ್ಲಿ ಜಲಕ್ರೀಡೆಯಾಡುತ್ತಿರುವನು. ಆಡಿ ಆಡಿ ದಣಿದ ಒಬ್ಬ ರಾಣಿಯು, ನೀರಿನಿಂದ ಹೊಡೆಯಬೇಡವೆಂಬ ಅರ್ಥದಲ್ಲಿ ‘ಮಾ’ ಎಂಬ ನಿಷೇಧಪದವನ್ನೂ ‘ಉದಕೈಃ’ ಎಂಬುದನ್ನೂ ಸಂಧಿಮಾಡಿ ‘ಮೋದಕೈಃ’ ಎಂದು ಹೇಳುತ್ತಾಳೆ. ರಾಜನು ಅದನ್ನು ಒಂದೇ ಪದವೆಂದು ತಿಳಿದು, ಕಡುಬುಗಳಿಂದ ಹೊಡೆಯೆಂದು ಕೇಳುತ್ತಿದ್ದಾಳೆಂದು ಭಾವಿಸಿ, ಒಡನೆಯೆ ಬಹಳ ಮೋದಕಗಳನ್ನು ತರಿಸುತ್ತಾನೆ. ರಾಣಿ ನಗುತ್ತಾಳೆ. ನೀರಿನ ನಡುವೆ ಮೋದಕಗಳಿಗೇನು ಪ್ರಸಕ್ತಿ, ಸಂಧಿಯೂ ತಿಳಿಯದು, ಪ್ರಕರಣವೂ ತಿಳಿಯದು, ಎಂದು ಹಂಗಿಸುತ್ತಾಳೆ. ಪರಿವಾರದವರು ಒಳಗೊಳಗೇ ನಗುತ್ತಾರೆ.

‘ಒಳಗೊಳಗೇ’ ಎಂಬ ಈ ಅಂಶವನ್ನು ಸೋಮದೇವನು ಬಿಡದೆ ಹೇಳಿರುವುದರಲ್ಲಿ ಅವನ ಸೂಕ್ಷ್ಮದೃಷ್ಟಿ ಕಾಣುತ್ತದೆ. ಹೊರಗೆ ಕೇಳಿಸಿದ ನಗೆಗೆ ಮರುಮಾತು ಹೇಳಬಹುದು. ಒಳಗಿನ ನಗೆಗೆ ಉತ್ತರವಿಲ್ಲ. ಅದನ್ನು ಕಲ್ಪಿಸಿಕೊಂಡಷ್ಟೂ ಅದು ಬೆಳೆಯುತ್ತದೆ. ರಾಜನು ಕ್ರೀಡೆಯನ್ನು ಬಿಟ್ಟು, ಆಹಾರವನ್ನು ತೊರೆದು, ಯಾರೊಡನೆಯೂ ಮಾತಾಡದೆ ಹಾಸಿಗೆ ಹಿಡಿಯುತ್ತಾನೆ. ಪಾಂಡಿತ್ಯವನ್ನು ಪಡೆಯಬೇಕು, ಇಲ್ಲವೆ ಸಾಯಬೇಕು ಎಂಬಲ್ಲಿಗೆ ಅವನ ಚಿಂತೆ ಮುಟ್ಟುತ್ತದೆ. ರಾಜ್ಯವಾಳುವ ಪ್ರೌಢಪುರುಷನಿಗೆ ಒಂದು ಗುಣಸಂಧಿಯಿಂದ ಬಂದ ಅವಸ್ಥೆಯಿದು.

ಮಂತ್ರಿಗಳಾದ ಗುಣಾಢ್ಯನೂ ಶರ್ವವರ್ಮನೂ ಬಂದಾಗ ರಾಜನು ಕೇಳುವುದು ಒಂದೇ ಪ್ರಶ್ನೆ: ಯತ್ನದಿಂದ ಕಲಿತರೆ ಪಾಂಡಿತ್ಯವು ಎಷ್ಟು ಕಾಲಕ್ಕೆ ಬಂದೀತು? ವ್ಯಾಕರಣಕ್ಕೆ ಸಾಮಾನ್ಯವಾಗಿ ೧೨ ವರ್ಷ ಬೇಕು, ನಾನು ೬ ವರ್ಷಗಳಲ್ಲಿ ಕಲಿಸುವೆನು ಎಂದು ಗುಣಾಢ್ಯನ ಉತ್ತರ. ಶರ್ವವರ್ಮನು ಅದನ್ನು ಸಹಿಸದೆ, ಸುಖದಲ್ಲಿ ಬೆಳೆದ ಮನುಷ್ಯನು ಅಷ್ಟು ಕಾಲ ಕ್ಲೇಶಪಡುವುದು ಹೇಗೆ, ನಾನು ೬ ತಿಂಗಳಲ್ಲಿ ಕಲಿಸುವೆನು ಎನ್ನುತ್ತಾನೆ. ಹಾಗೆ ಕಲಿಸಿದರೆ ಸಂಸ್ಕೃತ, ಪ್ರಾಕೃತ, ದೇಶಭಾಷೆ ಮೂರನ್ನೂ ಬಿಡುವೆನೆಂದು ಗುಣಾಢ್ಯನು ಪ್ರತಿಜ್ಞೆ ಮಾಡುತ್ತಾನೆ. ಕಲಿಸದಿದ್ದರೆ ೧೨ ವರ್ಷ ನಿನ್ನ ಪಾದುಕೆಗಳನ್ನು ತಲೆಯ ಮೇಲೆ ಹೊರುವೆನೆಂದು ಶರ್ವವರ್ಮನು ಮರುಪ್ರತಿಜ್ಞೆ ಮಾಡುತ್ತಾನೆ. ಶರ್ವವರ್ಮನು ಕುಮಾರಸ್ವಾಮಿಯನ್ನು ಒಲಿಸಿ ಕಾತಂತ್ರವ್ಯಾಕರಣವನ್ನು ಪಡೆದು ರಾಜನಿಗೆ ಕಲಿಸುತ್ತಾನೆ. ಸೋತ ಗುಣಾಢ್ಯನು ಮೂರು ಭಾಷೆಗಳನ್ನೂ ತೊರೆದು ವಿಂಧ್ಯಾರಣ್ಯಕ್ಕೆ ಹೋಗಿ ಪೈಶಾಚಿಯಲ್ಲಿ ಬೃಹತ್ಕಥೆಯನ್ನು ರಚಿಸುತ್ತಾನೆ.

೪

ಈ ಕಥೆಯನ್ನು ನಮ್ಮ ಪಾಠಶಾಲೆಗಳಲ್ಲಿ ಹೇಳುವ ರೀತಿಯಲ್ಲಿ ಒಂದು ತಪ್ಪು ತೀರ್ಮಾನವು ಸೇರಿಕೊಂಡಿದೆ. ರಾಣಿ ನಕ್ಕಳು, ಆದುದರಿಂದ ರಾಜನು ಕಲಿತನು. ನಗೆಯ ಚಾವಟಿಯೇ ವಿದ್ಯೆಗೆ ಕಾರಣ, ಎಂಬುದೇ ಅದು. ಕಥೆಯನ್ನು ನಿದಾನವಾಗಿ ಓದಿದವರಿಗೆ ಈ ಕಾರ್ಯಕಾರಣಭಾವವು ನಿಲ್ಲುವುದಿಲ್ಲ. ನಗೆಯಿಂದ ನೇರವಾಗಿ ಹುಟ್ಟಿದುದು ಲಜ್ಜೆ, ಮೌನ, ಉಪವಾಸ. ಶರ್ವವರ್ಮನು ಬಾರದೆ ಹೋಗಿದ್ದರೆ ಕಥೆಯು ಅಲ್ಲಿಯೇ ಮುಗಿಯುತ್ತಿತ್ತು. ಲಜ್ಜಿತನಾದ ರಾಜನ ಬಳಿಗೆ ಅಂತಹ ಇಬ್ಬರು ವಿದ್ವಾಂಸರು ತಾವಾಗಿ ನಡೆದುಬಂದರು. ಲಜ್ಜಿತನಾದ ರೈತನ ಬಳಿಗೆ, ಕೂಲಿಯವನ ಬಳಿಗೆ, ಗುಮಾಸ್ತನ ಬಳಿಗೆ ಯಾರು ನಡೆದುಬರುತ್ತಾರೆ?

ರಾಜನಿಗೆ ಕಲಿಸಿದುದು ಶರ್ವವರ್ಮನ ಉಪಾಯ. ಅದು ಯಾವುದೆಂಬುದಕ್ಕೆ ಕಾತಂತ್ರವೇ ಸಾಕ್ಷಿ. ಪಾಣಿನಿಯ ಸುಮಾರು ೪೦೦೦ ಸೂತ್ರಗಳೆದುರಿಗೆ ಕಾತಂತ್ರದಲ್ಲಿ, ಕೃತ್ಪ್ರಕರಣವನ್ನು ಸೇರಿಸಿಕೊಂಡರೂ, ಸುಮಾರು ೧೪೦೦ ಸೂತ್ರಗಳಿವೆ. ಅಚ್, ಹಲ್ ಮೊದಲಾದ ಪ್ರತ್ಯಾಹಾರಗಳ ಸಂಕೇತಗಳನ್ನು ಬಿಟ್ಟು, ಸ್ವರ, ವ್ಯಂಜನ ಎಂಬ ಲೋಕಪರಿಚಿತ ಹೆಸರುಗಳನ್ನೇ ಅದು ಉಳಿಸಿಕೊಂಡಿದೆ. ವರ್ಣಗಳ ಕ್ರಮವು ಮೊದಲೇ ಸಿದ್ಧವಾಗಿದೆಯೆಂದು ಒಪ್ಪಿಕೊಂಡು ಗ್ರಂಥವನ್ನು ಪ್ರಾರಂಭಿಸುತ್ತದೆ. ಎಂದರೆ ಕಲಿಯುವವನಿಗೆ ತಿಳಿದಿರುವುದನ್ನು ಗೌರವಿಸಿ ಅಲ್ಲಿಂದ ಮುಂದೆ ಹೋಗುತ್ತದೆ. ವಿಷಯಗಳನ್ನು ಸಂಧಿ, ನಾಮ, ಆಖ್ಯಾತ ಎಂದು ಪ್ರಕರಣಕ್ರಮದಲ್ಲಿ ಜೋಡಿಸಿದೆ. ಮೊದಲನೆಯ ಪ್ರಕರಣವೇ ಸಂಧಿಯೆಂಬುದನ್ನು ವಾಚಕರು ಗಮನಿಸಬೇಕು. ರಾಜನು ಎಲ್ಲಿ ಎಡವಿದನೋ ಅಲ್ಲಿಯೇ ಪಾಠವು ಮೊದಲಾಗುತ್ತದೆ; ಎಡವಿದುದರ ಪ್ರಸ್ತಾಪವು ಮಾತ್ರ ಎಲ್ಲಿಯೂ ಇಲ್ಲ. ಕಥೆಯು ಐತಿಹ್ಯವೇ ಆಗಿರಲಿ, ಕಾತಂತ್ರದ ಸ್ವರೂಪಕ್ಕೆ ಅದು ಬಹಳ ಚೆನ್ನಾಗಿ ಹೊಂದಿಕೊಳ್ಳುತ್ತದೆ. ನಮ್ಮ ಕೇಶಿರಾಜನ ಶಬ್ದಮಣಿದರ್ಪಣದಲ್ಲಿಯೂ ಸಂಧಿ, ನಾಮ, ಸಮಾಸ, ತದ್ಧಿತ, ಆಖ್ಯಾತ ಎಂಬ ಇಂತಹುದೇ ಕ್ರಮವಿರುವುದು ಕನ್ನಡದ ಅಧ್ಯಾಪಕರಿಗೆ ವಿದಿತವೇ ಇದೆ.

ಇದರಲ್ಲಿ ಇನ್ನೊಂದು ಸ್ವಾರಸ್ಯವಿದೆ. ಅಂದು ಒಬ್ಬ ಪ್ರೌಢನನ್ನು ಹಾಸಿಗೆಗೆ ಕೆಡಹಿದ ಅದೇ ಮೋದಕವು ಇಂದು ಪಾಠಶಾಲೆಗಳಲ್ಲಿ ಗುಣಸಂಧಿಗೆ ಅತ್ಯುತ್ತಮವಾದ ಉದಾಹರಣೆ. ಆಕಾರದ ಮುಂದೆ ಉಕಾರವು ಬಂದರೆ ಓಕಾರವೆಂಬ ವಿಧಿಯನ್ನು ಎಷ್ಟು ಸಲ ಒಪ್ಪಿಸಿದರೂ ಮರೆಯುವ ವಿದ್ಯಾರ್ಥಿಯು, ಈ ಕಥೆಯನ್ನು ಒಮ್ಮೆ ಕೇಳಿ ನಕ್ಕರೆ ಜನ್ಮಪರ್ಯಂತ ಮರೆಯುವುದಿಲ್ಲ. ನಗೆಯು ಅದೇ, ಸಂಧಿಯೂ ಅದೇ. ಬದಲಾದುದು ಆಲಂಬನ. ಅಂದು ಎದುರಿಗೆ ಒದ್ದೆಯಾಗಿ ನಿಂತಿದ್ದ ರಾಜನನ್ನು ಕುರಿತು ನಕ್ಕರು; ಇಂದು ಕಥೆಯೊಳಗಣ ರಾಜನನ್ನು ಕುರಿತು ನಗುತ್ತೇವೆ. ಹತ್ತಿರದಲ್ಲಿ ಸುಡುವ ಬೆಂಕಿಯು ದೂರದಲ್ಲಿ ದೀಪವಾಗುತ್ತದೆ.

೫

ಇಲ್ಲಿ ಒಂದು ಪೂರ್ವಪಕ್ಷವನ್ನು ಎದುರಿಸಲೇಬೇಕು. ಸೋಮದೇವನ ನಾಡಿನವನೂ ಶತಮಾನದವನೂ ಆದ ಕ್ಷೇಮೇಂದ್ರನು ದೇಶೋಪದೇಶವೆಂಬ ತನ್ನ ವಿಡಂಬನಕಾವ್ಯದಲ್ಲಿ, ನಗೆಯಿಂದ ಚೆನ್ನಾಗಿ ಲಜ್ಜೆಗೊಂಡ ಜನರು ಮತ್ತೆ ದೋಷಗಳಲ್ಲಿ ತೊಡಗುವುದಿಲ್ಲವೆಂದೂ ಆ ಉಪಕಾರಕ್ಕಾಗಿಯೇ ತನ್ನ ಉದ್ಯಮವೆಂದೂ ಹೇಳಿಕೊಂಡಿದ್ದಾನೆ. ಲಜ್ಜೆಗೊಳಿಸುವ ನಗೆಯು ಉಪದೇಶಕ್ಕೆ ಸಾಧನವೆಂಬುದು ಹೀಗೆ ಮಹಾಕವಿಸಮ್ಮತವಾಗಿರುವಲ್ಲಿ, ರಾಣಿಯ ನಗೆಯನ್ನು ಆಕ್ಷೇಪಿಸುವುದೇಕೆ?

ಸಮಾಧಾನವು ಕ್ಷೇಮೇಂದ್ರನು ಬಳಸಿದ ‘ದೋಷ’ ಶಬ್ದದಲ್ಲಿಯೇ ಇದೆ. ಅವನ ವಿಡಂಬನೆಗೆ ಗುರಿಯಾದವರು ಲೋಭಿಗಳು, ದಾಂಭಿಕರು, ಲಂಚ ತಿನ್ನುವ ಅಧಿಕಾರಿಗಳು. ಅವರು ತಿಳಿದೂ ಮಾಡುವವರು. ಕಾಣದಂತೆ ಮುಚ್ಚಿಟ್ಟುಕೊಂಡ ದೋಷವನ್ನು ಬಯಲಿಗೆಳೆಯಲು ನಗೆಯಂತಹ ಆಯುಧವು ಬೇರೆ ಇಲ್ಲ. ಅಜ್ಞಾನವು ದೋಷವರ್ಗಕ್ಕೆ ಸೇರಿದುದಲ್ಲ. ಕಲಿಯಲು ಬಂದು ಕುಳಿತವನು ತನಗೆ ತಿಳಿಯದೆಂಬುದನ್ನು ತಾನೇ ಒಪ್ಪಿಕೊಂಡು ಬಂದಿದ್ದಾನೆ. ಬಯಲಿಗೆಳೆಯಲು ಅವನಲ್ಲಿ ಮುಚ್ಚಿಟ್ಟುದು ಏನೂ ಇಲ್ಲ. ದೋಷಕ್ಕೆ ಹೇಳಿದ ಚಿಕಿತ್ಸೆಯನ್ನು ಅಜ್ಞಾನಕ್ಕೆ ಮಾಡುವವನು ರೋಗಿಯನ್ನು ಅಪರಾಧಿಯೆಂದು ದಂಡಿಸಿದಂತೆ.

ವಯಸ್ಕನ ವಿಷಯದಲ್ಲಿ ಇದು ಇನ್ನಷ್ಟು ಸತ್ಯ. ಬಾಲಕನಿಗೆ ತಿಳಿಯದಿರುವುದು ಸಹಜವೆಂದು ಲೋಕವು ಒಪ್ಪಿದೆ. ಅವನ ತಪ್ಪಿಗೆ ನಕ್ಕರೆ ಅವನೂ ಸಂಜೆಯೊಳಗೆ ಮರೆಯುತ್ತಾನೆ. ವಯಸ್ಕನು ತನ್ನ ಮನೆಯಲ್ಲಿ ಯಜಮಾನ, ಊರಿನ ನ್ಯಾಯದಲ್ಲಿ ಪಂಚ, ತನ್ನ ಕಸುಬಿನಲ್ಲಿ ನಿಪುಣ. ಬೇರೆಡೆ ಗಳಿಸಿದ ಆ ಮಾನವನ್ನು ಒತ್ತೆಯಿಟ್ಟು ಅವನು ಪಾಠದ ಚಾಪೆಯ ಮೇಲೆ ಕುಳಿತಿರುತ್ತಾನೆ. ನಗುವವರ ಮುಂದೆ ಎಡವಿ ಬಿದ್ದಂತೆ ಎಂಬ ನಮ್ಮ ಗಾದೆಯು ಇಂತಹವನ ದುಃಖವನ್ನು ಅರಿತು ಹುಟ್ಟಿದುದು. ರಾಜನಾದವನಿಗೇ ಪ್ರಾಣತ್ಯಾಗದ ಚಿಂತೆ ಬಂದಿತೆಂದು ಸೋಮದೇವನು ಹೇಳುವಾಗ ಅದರಲ್ಲಿ ಅತಿಶಯೋಕ್ತಿಯಿದೆಯೆಂದು ನಾನು ಮೊದಲು ಎಣಿಸಿದ್ದೆನು. ಈಗ ಹಾಗೆ ಎಣಿಸುವುದಿಲ್ಲ. ಅದಕ್ಕೆ ಕಾರಣವನ್ನು ಹೇಳಿ ಮುಂದೆ ಹೋಗುತ್ತೇನೆ.

ಸುಮಾರು ಇಪ್ಪತ್ತು ವರ್ಷಗಳ ಹಿಂದೆ ಒಂದು ಊರಿನಲ್ಲಿ ಸಂಜೆಯ ವೇಳೆ ದೊಡ್ಡವರಿಗೆಂದು ಹಳಗನ್ನಡಕಾವ್ಯದ ಪಾಠವನ್ನು ಹೇಳುತ್ತಿದ್ದೆನು. ಅರವತ್ತು ದಾಟಿದ ಒಬ್ಬರು, ಜೀವಮಾನವೆಲ್ಲ ಹಾಲಿನ ವ್ಯಾಪಾರ ಮಾಡಿದವರು, ಒಂದು ದಿನವೂ ತಪ್ಪದೆ ಮುಂದಿನ ಸಾಲಿನಲ್ಲಿ ಬಂದು ಕುಳಿತುಕೊಳ್ಳುತ್ತಿದ್ದರು. ಒಮ್ಮೆ ‘ಎಮ್ಮರಸಂ’ ಎಂಬ ಪದವು ಬಂದಿತು. ಎಮ್ಮ ಅರಸನು, ನಮ್ಮ ರಾಜನು, ಎಂದು ಅರ್ಥ. ಇದನ್ನು ಯಾರು ಬಿಡಿಸುವಿರಿ ಎಂದು ಕೇಳಿದೆನು. ಅವರು ಉತ್ಸಾಹದಿಂದ, “ಎಮ್ಮೆಗಳ ಅರಸ, ಸ್ವಾಮಿ. ಯಮಧರ್ಮನಿರಬೇಕು, ಅವನ ವಾಹನ ಕೋಣವಲ್ಲವೆ?” ಎಂದರು. ನಾನು, “ಯಜಮಾನರೆ, ಎಮ್ಮೆಯನ್ನು ಕೊಟ್ಟಿಗೆಯಲ್ಲಿಯೇ ಕಟ್ಟಿ ಬನ್ನಿರಿ, ಕಾವ್ಯದೊಳಕ್ಕೆ ಹೊಡೆದುಕೊಂಡು ಬರಬೇಡಿರಿ” ಎಂದೆನು. ವರ್ಗವೆಲ್ಲ ನಕ್ಕಿತು. ಅವರೂ ನಕ್ಕರು. ಪಾಠವು ಚೆನ್ನಾಗಿ ನಡೆಯಿತೆಂದು ನಾನು ಹಿಗ್ಗಿದೆನು. ಮರುದಿನದಿಂದ ಅವರು ಬರಲಿಲ್ಲ. ಎಷ್ಟೋ ತಿಂಗಳ ಮೇಲೆ ಅವರ ಬೀದಿಯಲ್ಲಿ ಹಾದುಹೋಗುವಾಗ ವಿಚಾರಿಸಿದೆನು. “ಕಣ್ಣು ಮಂಜಾಗಿದೆ ಸ್ವಾಮಿ, ಓದಲಾಗುವುದಿಲ್ಲ” ಎಂದರು. ಆಗ ಅವರು ಜಗುಲಿಯ ಮೇಲೆ ಕುಳಿತು, ಕನ್ನಡಕವಿಲ್ಲದೆ, ಪತ್ರಿಕೆಯನ್ನು ಓದುತ್ತಿದ್ದರು.

ಸಾತವಾಹನನ ಕಥೆಯನ್ನು ನೂರು ಸಲ ಪಾಠ ಹೇಳಿದ್ದ ನಾನು ಪರಿವಾರದ ಗುಂಪಿನಲ್ಲಿ ನಿಂತಿದ್ದೆನೆಂಬುದು ಅಂದು ಮನಸ್ಸಿಗೆ ಬಂದಿತು. ಅವರದೂ ಸಂಧಿಯ ತಪ್ಪೇ. ಆ ತಪ್ಪಿನಲ್ಲಿ ಬುದ್ಧಿಯೂ ಇತ್ತು. ಎಮ್ಮೆಯಿಂದ ಕೋಣಕ್ಕೆ, ಕೋಣದಿಂದ ಯಮನಿಗೆ ಹೋದ ಊಹೆಯು ಕೆಲವು ವ್ಯಾಖ್ಯಾನಕಾರರ ಊಹೆಗಿಂತ ಮೇಲು. ಎಮ್ಮೆಯೇ ಆಗಿದ್ದರೆ ಎಕಾರದ ಮುಂದೆ ಯಕಾರವು ಆಗಮವಾಗಿ ‘ಎಮ್ಮೆಯರಸಂ’ ಎಂದಾಗಬೇಕಾಗಿತ್ತು, ಇಲ್ಲಿ ಯಕಾರವಿಲ್ಲ, ಆದುದರಿಂದ ಇದು ‘ಎಮ್ಮ’ ಎಂಬುದರ ಅಕಾರವು ಲೋಪವಾದ ರೂಪ, ಎಂದು ಎರಡು ವಾಕ್ಯಗಳಲ್ಲಿ ಹೇಳಿದ್ದರೆ ಆಗಮ, ಲೋಪ ಎರಡು ಸಂಧಿಗಳೂ ಇಡೀ ವರ್ಗಕ್ಕೆ ಮನದಟ್ಟಾಗುತ್ತಿದ್ದವು. ಎಮ್ಮೆಯ ನಗೆಯೂ ಉಳಿಯುತ್ತಿತ್ತು, ಯಜಮಾನರೂ ಉಳಿಯುತ್ತಿದ್ದರು. ಅವರು ನಮ್ಮೊಡನೆ ನಕ್ಕರೆಂಬುದು ನನ್ನನ್ನು ಮೋಸಗೊಳಿಸಿತು. ಆಲಂಬನವಾದವನು ತಾನೂ ನಗುವುದು ಅನೇಕ ವೇಳೆ ಸಂತೋಷದ ಅನುಭಾವವಲ್ಲ. ಓಡಿಹೋಗಲು ಬಾಗಿಲು ಸಿಕ್ಕುವವರೆಗೆ ಹಿಡಿದುಕೊಂಡ ಮರೆ.

೬

ಹಾಗಾದರೆ ನಗೆಯನ್ನು ಎಲ್ಲಿ ನಿಲ್ಲಿಸಬೇಕು? ಮೂರು ಸ್ಥಾನಗಳನ್ನು ನಮ್ಮ ಸಾಹಿತ್ಯವು ತೋರಿಸಿಕೊಟ್ಟಿದೆ.

ಮೊದಲನೆಯದು ಕಥೆಯ ಪಾತ್ರ. ರಾಣಿಯ ನಗೆಯಿಂದ ಕಾಡು ಸೇರಿದ ಗುಣಾಢ್ಯನ ಬೃಹತ್ಕಥೆಯಿಂದ ವಸುಭಾಗಭಟ್ಟನು ಆರಿಸಿದ ಕಥೆಗಳೇ ತನ್ನ ಕೃತಿಗೆ ಮೂಲವೆಂದು ಕನ್ನಡಪಂಚತಂತ್ರದ ಕರ್ತೃವಾದ ದುರ್ಗಸಿಂಹನು ಹೇಳಿಕೊಂಡಿದ್ದಾನೆ. ೧೦೩೧ರ ಸುಮಾರಿಗೆ ಚಾಳುಕ್ಯ ಜಯಸಿಂಹನ ಆಸ್ಥಾನದಲ್ಲಿ ಸಂಧಿವಿಗ್ರಹಿಯಾಗಿದ್ದ ಈತನ ಓದುಗರು ಬಾಲಕರಲ್ಲ. ರಾಜನೀತಿಯಲ್ಲಿ ಪಳಗಿದ ಪ್ರೌಢರು. ವಿಷ್ಣುಶರ್ಮನ ಸಂಸ್ಕೃತಪಂಚತಂತ್ರದಲ್ಲಿ ರಾಜಕುಮಾರರ ಪಾಠಕ್ಕೂ ಶರ್ವವರ್ಮನ ಪಾಠಕ್ಕಿದ್ದಂತೆ ೬ ತಿಂಗಳೇ ಅವಧಿಯೆಂಬುದನ್ನು ಇಲ್ಲಿ ನೆನೆಯಬಹುದು. ಬೆಣೆಯನ್ನು ಕಿತ್ತು ಸತ್ತ ಕೋತಿಯನ್ನು ಕುರಿತು ನಾವು ನಿರಾತಂಕವಾಗಿ ನಗುತ್ತೇವೆ. ನಕ್ಕು ಮುಗಿಸಿದ ಮೇಲೆ, ತನಗೆ ಸಂಬಂಧಿಸದ ಕಾರ್ಯದಲ್ಲಿ ಕೈಹಾಕಿದವನು ನಾನೇ ಅಲ್ಲವೆ ಎಂಬ ಅರಿವು ಒಬ್ಬೊಬ್ಬನಿಗೂ ಏಕಾಂತದಲ್ಲಿ ಬರುತ್ತದೆ. ಪರಿವಾರವಿಲ್ಲದ ಏಕಾಂತದಲ್ಲಿ ಬಂದ ಲಜ್ಜೆಯು ಗುಣಕಾರಿ.

೧೨ನೆಯ ಶತಮಾನದ ನಯಸೇನನೂ ಈ ದಾರಿಯವನೇ. ಅವನ ಧರ್ಮಾಮೃತವು ಶ್ರಾವಕರಿಗೆ, ಎಂದರೆ ಗೃಹಸ್ಥರಾದ ಪ್ರೌಢರಿಗೆ, ಧರ್ಮವನ್ನು ತಿಳಿಸಲು ಹುಟ್ಟಿದ ಗ್ರಂಥ. ಹಳ್ಳಿಯ ಬಾಳಿನಿಂದ ಆಯ್ದ ಉಪಮೆಗಳನ್ನು ಒಂದರ ಮೇಲೊಂದರಂತೆ ಪೋಣಿಸಿ ನಗಿಸುವುದರಲ್ಲಿ ಅವನಿಗೆ ಸಮಾನರು ವಿರಳ. ಹಣದ ಆಸೆಯಿಂದ ಮುನಿವೇಷವನ್ನು ತೊಟ್ಟ ವಸುಭೂತಿಯನ್ನು ಕುರಿತು ಅವನು ಮನಸಾರೆ ನಗಿಸುತ್ತಾನೆ. ನಗೆಗೆ ಗುರಿಯಾದುದು ಲೋಭವೆಂಬ ದೋಷ, ಅಜ್ಞಾನವಲ್ಲ. ನಕ್ಕು ಕೈಬಿಡದೆ ಆ ವಸುಭೂತಿಗೂ ಕೊನೆಗೆ ಸದ್ಗತಿಯನ್ನು ಕೊಡುತ್ತಾನೆ. ಅದೇ ಶತಮಾನದ ಬ್ರಹ್ಮಶಿವನ ಸಮಯಪರೀಕ್ಷೆಯನ್ನು ಇದರೊಡನೆ ಹೋಲಿಸಿರಿ. ಬ್ರಹ್ಮಶಿವನ ಚಾತುರ್ಯವು ಕಡಿಮೆಯದಲ್ಲ. ಆದರೆ ಅನ್ಯಮತದವರ ನಂಬಿಕೆಗಳೇ ಅವನ ಹಾಸ್ಯಕ್ಕೆ ಆಲಂಬನ. ಮೊದಲೇ ಒಪ್ಪಿದವರು ಅದನ್ನು ಓದಿ ಚಪ್ಪಾಳೆ ತಟ್ಟಬಹುದು. ಯಾರನ್ನು ತಿದ್ದಬೇಕಾಗಿತ್ತೋ ಅವರು ಪುಸ್ತಕವನ್ನು ಮುಚ್ಚುತ್ತಾರೆ. ಬೋಧನೆಯ ದೃಷ್ಟಿಯಿಂದ ಅದು ಗೆದ್ದ ವಾದ, ಸೋತ ಪಾಠ.

ಎರಡನೆಯ ಸ್ಥಾನವು ಬೋಧಕನೇ. ಸಂಸ್ಕೃತನಾಟಕಗಳ ವಿದೂಷಕನು ಕುರೂಪವನ್ನೂ ಹೊಟ್ಟೆಬಾಕತನವನ್ನೂ ತನ್ನ ಮೇಲೆ ಹೊತ್ತುಕೊಂಡು, ಮಂತ್ರಿಗಳು ಆಡಲಾರದ ಮಾತನ್ನು ರಾಜನಿಗೆ ಆಡುತ್ತಾನೆ. ಗುರುವು ತಾನು ಕಲಿಯುವಾಗ ಎಡವಿದ ಕಥೆಯನ್ನು ಹೇಳಿ ನಗಿಸಿದರೆ, ಎಡವುವುದು ವಿದ್ಯಾಮಾರ್ಗದ ಧರ್ಮವೆಂದು ಶಿಷ್ಯರಿಗೆ ತಿಳಿದು ಧೈರ್ಯವುಂಟಾಗುತ್ತದೆ. ಇದಕ್ಕೂ ಒಂದು ಮೇರೆಯುಂಟು. ಶಾಕುಂತಲದ ಎರಡನೆಯ ಅಂಕದಲ್ಲಿ ದುಷ್ಯಂತನು ವಿದೂಷಕನಿಗೆ, ಶಕುಂತಲೆಯನ್ನು ಕುರಿತು ಹೇಳಿದುದೆಲ್ಲ ಪರಿಹಾಸವೆಂದು ಹೇಳಿ ಕಳುಹಿಸುತ್ತಾನೆ. ವಿದೂಷಕನು ಅದನ್ನು ನಂಬಿಬಿಡುತ್ತಾನೆ. ಅದರಿಂದ ನೆನಪಿಸಬೇಕಾದ ಕಾಲದಲ್ಲಿ ನೆನಪಿಸದೆ ಹೋಗುತ್ತಾನೆಂಬುದು ಆರನೆಯ ಅಂಕದಲ್ಲಿ ಹೊರಬೀಳುತ್ತದೆ. ಪರಿಹಾಸವಾವುದು, ಪರಮಾರ್ಥವಾವುದು ಎಂಬ ವಿವೇಕವು ಕೇಳುವವನಿಗೆ ತಪ್ಪಿದರೆ ಸತ್ಯವೂ ನಗೆಯೊಡನೆ ಕೊಚ್ಚಿಹೋಗುತ್ತದೆಂಬುದಕ್ಕೆ ಕಾಳಿದಾಸನು ಕೊಟ್ಟ ಈ ನಿದರ್ಶನವನ್ನು, ಸದಾ ನಗಿಸುವ ಅಧ್ಯಾಪಕರು ನೆನಪಿನಲ್ಲಿಡಬೇಕು. ಪಾಠದ ಸಾರವನ್ನು ಹೇಳುವಾಗ ಮುಖವನ್ನು ಗಂಭೀರವಾಗಿಟ್ಟುಕೊಳ್ಳಬೇಕು.

ಮೂರನೆಯದು ಎಲ್ಲಕ್ಕಿಂತ ಅಪೂರ್ವವಾದುದು: ಶಿಷ್ಯನೇ ಗುರುವನ್ನು ಕುರಿತು ನಗುವುದು. ಮುದ್ದಣನ (೧೮೭೦–೧೯೦೧) ಶ್ರೀರಾಮಾಶ್ವಮೇಧದ ಮುದ್ದಣ–ಮನೋರಮೆಯರ ಸಲ್ಲಾಪವನ್ನು ಸಾಮಾನ್ಯವಾಗಿ ಸರಸದ ಮಾದರಿಯೆಂದು ಹೊಗಳಿ ಬಿಡುತ್ತೇವೆ. ಅದನ್ನು ಬೋಧನಕ್ರಮದ ನಿದರ್ಶನವೆಂದೂ ಓದಬಹುದು. ಮನೋರಮೆಯು ಬಾಲಿಕೆಯಲ್ಲ, ವಿವೇಕವುಳ್ಳ ಗೃಹಿಣಿ. ಕವಿಯು ಸಂಸ್ಕೃತದ ಆಡಂಬರದಲ್ಲಿ ಕಥೆಯನ್ನು ಎತ್ತಿಕೊಂಡರೆ ಅವಳು ನಿರ್ದಾಕ್ಷಿಣ್ಯವಾಗಿ ತಡೆಯುತ್ತಾಳೆ; ಅವಳ ಗಂಟಲು–ಕಡುಬುಗಳ ಉಪಮೆಯು ಕನ್ನಡಿಗರಿಗೆಲ್ಲ ಪರಿಚಿತ. ಇಲ್ಲಿ ನಗೆಗೆ ಆಲಂಬನವಾದವನು ವಿದ್ವಾಂಸನಾದ ಕವಿ. ನಗುವ ಅಧಿಕಾರವು ಕೇಳುವವಳದು. ಅದರ ಫಲವೇನು? ಕವಿಯು ತನ್ನ ಮಾತನ್ನು ತಿದ್ದಿಕೊಳ್ಳುತ್ತಾನೆ, ಕೇಳುವವಳು ಕಥೆಯ ಕೊನೆಯವರೆಗೂ ಎಚ್ಚರದಿಂದ ಕುಳಿತಿರುತ್ತಾಳೆ, ಅವಳೊಡನೆ ಕುಳಿತ ನಾವೂ ಹಳಗನ್ನಡವನ್ನು ಅಂಜಿಕೆಯಿಲ್ಲದೆ ಕಲಿತುಬಿಡುತ್ತೇವೆ. ಶಾಲೆಯ ಅಧ್ಯಾಪಕನಾಗಿದ್ದ ಮುದ್ದಣನಿಗೆ ಈ ರಹಸ್ಯವು ತಿಳಿದಿತ್ತೆಂದು ನನ್ನ ಅಭಿಪ್ರಾಯ. ಸಾತವಾಹನನ ಕೊಳದಲ್ಲಿ ಬಲ್ಲವಳು ಅರಿಯದವನನ್ನು ಕುರಿತು ನಕ್ಕಳು. ಮುದ್ದಣನ ಜಗುಲಿಯಲ್ಲಿ ಕಲಿಯುವವಳು ಬಲ್ಲವನನ್ನು ಕುರಿತು ನಗುತ್ತಾಳೆ. ಮೋದಕವು ಕಡುಬಾಗಿ ಮರಳಿ ಬಂದಿದೆ, ನಗೆಯ ದಿಕ್ಕು ತಿರುಗಿದೆ.

೭

ಈ ವಿಚಾರವು ಪಂಡಿತರ ಗೋಷ್ಠಿಯಲ್ಲಿಯೇ ನಿಲ್ಲತಕ್ಕುದಲ್ಲ. ಮೈಸೂರು ಸಂಸ್ಥಾನದಲ್ಲಿ ೧೯೪೦ರ ದಶಕದಲ್ಲಿ ವಯಸ್ಕರ ಶಿಕ್ಷಣ ಸಮಿತಿಯ ಕಾರ್ಯವು ನಡೆಯಿತು. ೧೯೮೮ರಲ್ಲಿ ರಾಷ್ಟ್ರೀಯ ಸಾಕ್ಷರತಾ ಮಿಷನ್ ಪ್ರಾರಂಭವಾದ ಬಳಿಕ ಬೀದಿನಾಟಕಗಳೂ ಜಾಥಾಗಳೂ ಹಳ್ಳಿಹಳ್ಳಿಗೆ ಹೋದುವು. ಅವುಗಳಿಂದ ಆದ ಉಪಕಾರವು ದೊಡ್ಡ��ು. ಆದರೆ ಒಂದು ಬಗೆಯ ಪ್ರಹಸನವನ್ನು ನಾನು ಹಲವು ಕಡೆ ಕಂಡು ಕಳವಳಗೊಂಡಿದ್ದೇನೆ. ಓದು ಬಾರದವನೊಬ್ಬನು ಹಲಗೆಯ ಬರಹವನ್ನು ತಪ್ಪಾಗಿ ತಿಳಿದು ಫಜೀತಿಪಡುತ್ತಾನೆ, ಪತ್ರಕ್ಕೆ ಹೆಬ್ಬೆಟ್ಟು ಒತ್ತಿ ಹೊಲವನ್ನು ಕಳೆದುಕೊಳ್ಳುತ್ತಾನೆ, ನೆರೆದವರು ನಗುತ್ತಾರೆ. ನೋಡುತ್ತ ಕುಳಿತವರಲ್ಲಿ ಬಹುಮಂದಿ ಹೆಬ್ಬೆಟ್ಟಿನವರೇ. ಅವರೂ ನಗುತ್ತಾರೆ. ಆ ನಗೆಯನ್ನು ಲೆಕ್ಕಕ್ಕೆ ಹಿಡಿದು ಪ್ರಯೋಗವು ಸಫಲವಾಯಿತೆಂದು ಬರೆದುಕೊಳ್ಳುವವರಿಗೆ, ನನ್ನ ವರ್ಗದ ಯಜಮಾನರೂ ನಕ್ಕಿದ್ದರೆಂಬುದನ್ನು ಜ್ಞಾಪಿಸಬಯಸುತ್ತೇನೆ. ಅದೇ ಪ್ರಹಸನದಲ್ಲಿ ಸುಳ್ಳುಪತ್ರ ಬರೆದ ಸಾಹುಕಾರನನ್ನು ಆಲಂಬನ ಮಾಡಿದರೆ, ಕ್ಷೇಮೇಂದ್ರನು ಹೇಳಿದ ನ್ಯಾಯವು ಸಲ್ಲುತ್ತದೆ. ನೋಡುವವನ ಮಾನವೂ ಉಳಿಯುತ್ತದೆ, ಅಕ್ಷರದ ಆವಶ್ಯಕತೆಯೂ ಮನಸ್ಸಿಗೆ ಹತ್ತುತ್ತದೆ.

ಏತಾವತಾ ಸಿದ್ಧವಾದುದಿಷ್ಟು. ವಯಸ್ಕಬೋಧನೆಯಲ್ಲಿ ಹಾಸ್ಯವು ಉಪಾದೇಯವೇ ಸರಿ. ಅದರ ಆಲಂಬನವು ಕಥೆಯ ಪಾತ್ರವಾಗಲಿ, ಗುರುವಾಗಲಿ, ದೋಷವಾಗಲಿ ಆಗಬಹುದು. ಎದುರಿಗೆ ಕುಳಿತವನ ಅಜ್ಞಾನವು ಆಗಕೂಡದು. ತಪ್ಪಿನಲ್ಲಿರುವ ಬುದ್ಧಿಯನ್ನು ಮೊದಲು ಗುರುತಿಸಿ, ಆಮೇಲೆ ನಗಬೇಕು. ನಕ್ಕವರೆಷ್ಟು ಮಂದಿಯೆಂದು ಎಣಿಸುವುದಕ್ಕಿಂತ ಮರುದಿನ ಬಂದವರೆಷ್ಟು ಮಂದಿಯೆಂದು ಎಣಿಸುವುದು ಮೇಲು. ಇದರಲ್ಲಿ ನ್ಯೂನತೆಗಳಿದ್ದರೆ ಬಲ್ಲವರು ತಿದ್ದಬೇಕೆಂದು ವಿಜ್ಞಾಪನೆ.

ಈಗಲೂ ನಾನು ಹಳಗನ್ನಡವನ್ನು ದೊಡ್ಡವರಿಗೆ ಪಾಠ ಹೇಳುತ್ತೇನೆ. ಲೋಪಸಂಧಿಯ ಪ್ರಕರಣವು ಬಂದಾಗ ‘ಎಮ್ಮರಸಂ’ ಎಂದು ಹಲಗೆಯ ಮೇಲೆ ಬರೆದು, ಎಮ್ಮೆಯ ಅರಸನೆಂಬ ಆ ಅರ್ಥವನ್ನೂ ಯಮಧರ್ಮನನ್ನೂ ಕೋಣವನ್ನೂ ಹೇಳುತ್ತೇನೆ; ಯಕಾರವೇಕೆ ಬರಲಿಲ್ಲವೆಂದು ಕೇಳುತ್ತೇನೆ. ಬಳಿಕ ಆ ದಿನ ಆ ತಪ್ಪನ್ನು ವಿವರಿಸಲು ತಿಳಿಯದೆ ಹೋದ ಪಂಡಿತನೊಬ್ಬನ ಕಥೆಯನ್ನು ಹೇಳುತ್ತೇನೆ. ವರ್ಗವು ನಗುತ್ತದೆ, ಸಂಧಿಯನ್ನು ಮರೆಯುವುದಿಲ್ಲ. ಯಾರಿಗೆ ಮೊದಲು ಹಾಗೆ ಹೇಳಬೇಕಾಗಿತ್ತೋ ಅವರೊಬ್ಬರು ಮಾತ್ರ ಆ ಪಾಠವನ್ನು ಕೇಳಲಿಲ್ಲ.